ಮರಳು ಸೇರಿದ ಜಾಗ

ಡಿಸೆಂಬರ್ 9, ಬೆಳಿಗ್ಗೆ ಒಂಬತ್ತೂವರೆ. ಎತ್ತರ ಜಿಗಿತದಲ್ಲಿ, ಸಾಕಷ್ಟು ಮರಳಿಲ್ಲದ ಗುಂಡಿಗೆ ಬಿದ್ದು ಕತ್ತು ಮುರಿದು ಸತ್ತ ಹದಿನಾರರ ಮಗನ ಪ್ರತಿಮೆಯನ್ನು ತಾಯಿ ನೋಡುತ್ತಿದ್ದಳು. ಶಾಲೆಯ ಅಧ್ಯಕ್ಷರ ಕೊರಳಿನ ಹಾರ ಪ್ರತಿಮೆಯದಕ್ಕಿಂತ ದಪ್ಪಗಿತ್ತು.

"ನಿಮ್ಮ ಮಗ ಅಮರನಾದ, ತಾಯೀ," ಎಂದರು ಅವರು.

"ನಾನು ಕೇಳಿದ್ದು ಪ್ರತಿಮೆ ಅಲ್ಲ ಸಾರ್. ಮಕ್ಕಳು ಬೀಳೋ ಗುಂಡಿಗೆ ಮರಳು."

"ಎರಡು ಲೋಡ್ ತರಿಸಿದ್ವಲ್ಲಮ್ಮಾ!"

"ಲಾರಿ ಬಂದದ್ದು ನೋಡ್ದೆ. ಮರಳೆಲ್ಲಿ?"

ಅಧ್ಯಕ್ಷರು ಪ್ರತಿಮೆಯ ಕಟ್ಟೆಯನ್ನು ಹೆಮ್ಮೆಯಿಂದ ತಟ್ಟಿದರು. "ಎಲ್ಲಾ ಇದಕ್ಕೇ ಹಾಕ್ಸಿದೀವಿ. ನೂರು ವರ್ಷ ಅಲ್ಲಾಡಲ್ಲ!"

ಮಗನ ಹೆಸರಿನ ಜಿಗಿತ ಸ್ಪರ್ಧೆಗೆ ಮೊದಲ ಹುಡುಗಿ ಆಗಲೇ ಓಟಕ್ಕೆ ಸಜ್ಜಾಗಿದ್ದಳು. ತಾಯಿ ಅಡ್ಡಕೋಲನ್ನು ಕಿತ್ತು ಬಿಸಾಡಿ, ಗುಂಡಿಗಿಳಿದು, ಎಲ್ಲರೆದುರು ತನ್ನ ಚೀಲದಿಂದ ತೆಗೆದ ಸ್ಕೇಲನ್ನು ತಳ ತಾಗುವವರೆಗೆ ಮರಳಿಗೆ ಚುಚ್ಚಿದಳು.

ಆರು ಸೆಂಟಿಮೀಟರ್.