ಅಜ್ಜ ತಿದ್ದಿದ ಹಾಡು

ನನಗೆ ಅತ್ಯಂತ ಇಷ್ಟವಾದ ಹಾಡು ಯಾವುದೆಂದು ಯಾರಾದರೂ ಕೇಳಿದರೆ, ಯಾವುದೋ ಸಿನಿಮಾ ಹಾಡಿನ ಹೆಸರು ಹೇಳಿ ಈಗಲೂ ತಪ್ಪಿಸಿಕೊಳ್ಳುತ್ತೇನೆ. ಆದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ ಬಂದರೆ ಸಾಕು, ಬಾಯಿಗೆ ಬರುವುದು ಆ ಹಾಡೇ.

ಹನುಮಸಾಗರದ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ ಕಾಯಿಲೆಯಿಂದ ಹೊರಸು ಹಿಡಿದು ಮಲಗಿ ತಿಂಗಳಾಗಿತ್ತು. ಭಜನಾ ಮೇಳದಲ್ಲಿ ತಾಳ ಹಾಕುತ್ತಿದ್ದವನು. ಆ ಮಧ್ಯಾಹ್ನ ಅವನ ಹಿತ್ತಾಳೆಯ ತಾಳಗಳನ್ನು ತಿಕ್ಕುತ್ತಾ ಕೂತಿದ್ದ ನಾನು, ಮೇಳದವರು ಬೀದಿಯಲ್ಲಿ ಹಾಡಿಕೊಂಡು ಹೋಗುವಾಗ ಕೇಳಿ ಕಲಿತ ಪದವೊಂದನ್ನು ಗಟ್ಟಿಯಾಗಿ ಹಾಡತೊಡಗಿದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಥಟ್ಟನೆ ನಿಂತಿತು.

"ಬಾಯಿ ಮುಚ್ಚು! ಅದು ಹೆಣಾ ಹೊತ್ತಾಗ ಹಾಡೂ ಪದ. ಮನಿಯಾಗ ಹಾಡ್ತಾರೇನ?" ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಅಜ್ಜ ಕಣ್ಣು ತೆರೆದ. "ಬೈಬ್ಯಾಡವ್ವಾ, ಛಲೋ ಹಾಡ್ತಾಳ" ಎಂದ. ಆಮೇಲೆ ನನ್ನ ಕಡೆ ತಿರುಗಿದ. "ಆದರ ಭಾಳ ಜೋರು ಹೊಂಟಿ. ಹೊತ್ತವರ ಹೆಜ್ಜಿ ಕೂಡಬೇಕಲ್ಲ? ಸಾವಕಾಶ ಹಾಡು."

ಹೊರಸಿನ ಕಟ್ಟಿಗೆಯ ಮೇಲೆ ಬೆರಳಿನಿಂದ ತಾಳ ತೋರಿಸಿದ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರುತ್ತಿದ್ದರೂ ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಆ ಬೆರಳನ್ನೇ ನೋಡುತ್ತಾ ಮೊದಲಿನಿಂದ ಹಾಡಿದೆ.

"ಹಾಂ," ಎಂದು ಅಜ್ಜ ಕಣ್ಣು ಮುಚ್ಚಿದ. "ಈಗ ಹೆಜ್ಜಿ ಕೂಡಿತು ನೋಡು."