ರಾಳದ ಉಂಡೆ

"ಅಪ್ಪನ ಮೈಕು ಪೂರ್ತಿ ಇಳಿಸಿದೀಯಲ್ಲ?" ಮಗಳು ಕೇಳಿದಳು.

"ಇಳಿಸಿದೀನಿ ಅಕ್ಕ. ಚೂರೂ ಹೊರಗೆ ಬರಲ್ಲ," ಎಂದ ಸೌಂಡಿನವನು. ಈ ಮಾತಾಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಎಂದೋ ಬಿಟ್ಟಿದ್ದರು.

ತಂಡದಲ್ಲಿ ಇರುವುದೆಲ್ಲ ಪಿಟೀಲೇ. ಒಬ್ಬರದು ರಾಗ, ಒಬ್ಬರದು ಹಳ್ಳಿ ಕುಣಿತದ ಧಾಟಿ, ಇನ್ನೊಬ್ಬರದು ಜಾಜ್. ಇದೆಂಥ ಕಲಸುಮೇಲೋಗರ ಎಂದು ನಕ್ಕಿದ್ದ ಊರುಗಳಲ್ಲೇ ಈಗ ಟಿಕೆಟ್ ಸಿಗುವುದಿಲ್ಲ. ಕಟ್ಟಿದವನು ಅಪ್ಪ. ಹೊಸಬರು ಯಾರೇ ಬರಲಿ, ಅವನ ಮೊದಲ ಪಾಠ ಒಂದೇ: "ರಾಳ ತಿಕ್ಕದ ಕಮಾನು ಮೂಕ. ನೀನೆಂಥ ವಿದ್ವಾಂಸ ಆಗಿದ್ರೂ ಅಷ್ಟೆ." ಹಾಗಾಗಿ ವೇದಿಕೆ ಹತ್ತುವ ಮುಂಚೆ ಒಂದೇ ರಾಳದ ಉಂಡೆ ಎಲ್ಲರ ಕೈ ದಾಟಿ ಬರಬೇಕು. ಕೊನೆಗೆ ಅಪ್ಪನ ಕೈಗೆ. ಅಲ್ಲಿಂದ ಅವನ ಜೇಬಿಗೆ.

ಆ ಕೈ ಹೋದ ವರ್ಷ ನಡುಗಲು ಶುರುವಾಯಿತು. ಕಮಾನು ತಂತಿಯ ಮೇಲೆ ಕರಕರ ಎನ್ನತೊಡಗಿತು. ಅಪ್ಪ ಹೋಗಿ ಕಮಾನಿಗೆ ಹೊಸ ಕುದುರೆ ಕೂದಲು ಕಟ್ಟಿಸಿಕೊಂಡು ಬಂದ. "ಇನ್ಮೇಲೆ ತೊಂದರೆ ಇರಲ್ಲ ಬಿಡು," ಎಂದ. ತಪ್ಪು ಕೂದಲಿನದು ಎಂದುಕೊಂಡಿದ್ದಾನಲ್ಲ ಎಂದು ಮಗಳು ಬಚ್ಚಲಿಗೆ ಹೋಗಿ ಅತ್ತಳು.

ಪಿಟೀಲು ಬಿಡು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಮ್ಮ ತೀರಿಕೊಂಡಾಗ, "ನೀನು ಮುಂದೆ ನಿಂತ್ರೆ ಮಾತ್ರ ನಾನು ನುಡಿಸೋದು," ಎಂದು ಹಟ ಹಿಡಿದವಳು ಅವಳೇ. ಅದಕ್ಕೇ ಈ ಕಳ್ಳಾಟ. ಅಪ್ಪನ ಮೈಕು ಬಂದ್. ಅವನ ಬೆನ್ನ ಹಿಂದೆ ನಿಂತು ಅವನ ಪಾಲನ್ನೂ ಅವಳೇ ನುಡಿಸುವುದು. ಸ್ಪೀಕರುಗಳ ಅಬ್ಬರದಲ್ಲಿ ಯಾವುದು ಯಾರದೆಂದು ಯಾರಿಗೆ ತಿಳಿದೀತು? ಎಲ್ಲವೂ ತನ್ನದೇ ಎಂದು ಅಪ್ಪ ನಂಬಿದ್ದಾನೆ, ಅಷ್ಟು ಸಾಕು.

ಚಿಕ್ಕಂದಿನಲ್ಲಿ ಅವನ ಕಪ್ಪು ಕೋಟಿನ ಮೇಲೆ ಉದುರಿದ ರಾಳದ ಬಿಳಿ ಪುಡಿ ಒರೆಸುವುದು ಅವಳ ಕೆಲಸವಾಗಿತ್ತು. ಈಗೀಗ ಕೋಟು ತಾನಾಗಿಯೇ ಶುಭ್ರವಾಗಿರುತ್ತಿತ್ತು. ಮುದುಕನಿಗೆ ಕೊನೆಗಾಲದಲ್ಲಿ ಶಿಸ್ತು ಬಂತು ಎಂದು ತಂಡದವರು ರೇಗಿಸುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಆ ಸಂಜೆ ಎರಡನೇ ಹಾಡಿಗೇ ಕರೆಂಟು ಹೋಯಿತು.

ಸೌಂಡಿನವನು ಕೈಚೆಲ್ಲಿದ. ಮುಂದಿನದು ಅಪ್ಪ ಒಬ್ಬನೇ ನುಡಿಸುವ ನಿಧಾನದ ಹಾಡು. ಇನ್ನು ಮುಚ್ಚಲು ಮೈಕಿಲ್ಲ, ಮರೆಮಾಡಲು ಅಬ್ಬರವಿಲ್ಲ. ಆ ಕರಕರ ಕೊನೆಯ ಸಾಲಿಗೂ ಕೇಳುತ್ತದೆ. ಮೊದಲು ಅಪ್ಪನಿಗೆ ಕೇಳುತ್ತದೆ. ಮಗಳು ಅಪ್ಪನ ಪಕ್ಕಕ್ಕೆ ಬಂದಳು.

"ಇಲ್ಲಿಗೇ ನಿಲ್ಸೋಣಪ್ಪ," ಎಂದಳು.

"ಯಾಕಮ್ಮ? ಪಿಟೀಲಿಗೂ ಕರೆಂಟು ಬೇಕಾ?" ಅಪ್ಪ ಮುಂದೆ ಹೋಗಿ ನಿಂತ. "ನೀನು ದಿನಾ ಇರೋ ಕಡೆ ಇರು. ಬೇರೇನೂ ಯೋಚನೆ ಮಾಡ್ಬೇಡ."

ಜನ ತಮ್ಮ ಮೊಬೈಲುಗಳ ಬೆಳಕು ಹಿಡಿದರು. ಅಪ್ಪ ಕಮಾನು ಎತ್ತಿದ. ಅವಳು ಹಲ್ಲು ಕಚ್ಚಿಕೊಂಡು, ಅವನ ನೆರಳಿನಲ್ಲಿ ತನ್ನ ಕಮಾನು ಎಳೆದಳು.

ಕರಕರ ಬರಲೇ ಇಲ್ಲ. ಹಾಡು ಉದ್ದಕ್ಕೂ ತಿಳಿಯಾಗಿ ಹರಿಯಿತು. ಅಪ್ಪನ ತೋಳು ನಡುಗುತ್ತಲೇ ಇತ್ತು, ಕಮಾನು ಓಡಾಡುತ್ತಲೇ ಇತ್ತು. ಅವಳು ಎಷ್ಟು ಕಿವಿಗೊಟ್ಟರೂ ಕೇಳಿದ್ದು ಒಂದೇ ಪಿಟೀಲು. ಅವಳಿಗೆ ಏನೂ ಅರ್ಥವಾಗಲಿಲ್ಲ.

ಸಭೆ ಎದ್ದು ನಿಂತಿತು. ಜನ ನುಗ್ಗಿ ಬಂದು ಅಪ್ಪನನ್ನು ಸುತ್ತುವರಿದರು. "ನಿಮ್ಮ ಕೈಗೆ ವಯಸ್ಸೇ ಆಗಿಲ್ಲ ಬಿಡಿ!" ಎಂದರು ಯಾರೋ.

"ಎಲ್ಲಾ ನನ್ನ ಮಗಳ ದಯೆ," ಎಂದ ಅಪ್ಪ. ಅವರು ಅವನನ್ನು ಹೊರಗೆ ಕರೆದೊಯ್ದರು. ಯಾರ ಕೈಗೂ ಕೊಡದ ಅವನ ಕಮಾನು ಅಂದು ಕುರ್ಚಿಯ ಮೇಲೆ ಉಳಿದುಬಿಟ್ಟಿತು.

ಪೆಟ್ಟಿಗೆಯಲ್ಲಿಡಲೆಂದು ಮಗಳು ಅದನ್ನು ಎತ್ತಿಕೊಂಡಳು. ಯಾಕೋ ಕೈ ಅಲ್ಲೇ ನಿಂತಿತು. ತನ್ನ ಪಿಟೀಲನ್ನು ಹೆಗಲಿಗೇರಿಸಿ, ಅಪ್ಪನ ಕಮಾನನ್ನು ತಂತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೂ ಎಳೆದಳು.

ಪಿಟೀಲು ತುಟಿಪಿಟಕ್ಕೆನ್ನಲಿಲ್ಲ.