ಎರಡನೇ ಸಲ ಕೇಳಿದಾಗ

ಪರೀಕ್ಷೆ ಮಾಡುವ ಮೇಡಂ ಒಂದೇ ಥರದ ಎರಡು ಗಾಜಿನ ಲೋಟಗಳಿಗೆ ನೀರು ಸುರಿದು, ಬಗ್ಗಿ ಮಟ್ಟ ನೋಡಿ, "ಎರಡರಲ್ಲೂ ನೀರು ಸಮ ಇದೆಯಾ ಪುಟ್ಟಿ?" ಎಂದು ಕೇಳಿದರು. ಚೋಟುದ್ದ ಇದ್ದಾಳೆಂದು ಮನೆಯವರೆಲ್ಲ ಚೋಟು ಎಂದೇ ಕರೆಯುವ ಹುಡುಗಿ ಮೂಗು ಮೇಜಿಗೆ ತಾಗುವ ಹಾಗೆ ಬಗ್ಗಿ ನೋಡಿದಳು. "ಸಮ" ಎಂದಳು. ಹಿಂದೆ, ಮಕ್ಕಳ ಕುರ್ಚಿಯೊಂದರಲ್ಲಿ ಮಂಡಿ ಮಡಚಿಕೊಂಡು ಹೇಗೋ ಕೂತಿದ್ದ ಅಜ್ಜಿ ಹಿಡಿದಿದ್ದ ಉಸಿರು ಬಿಟ್ಟರು.

ಅಜ್ಜಿ ಎಂದರೆ ಅಂತಿಂಥ ಅಜ್ಜಿಯಲ್ಲ, ಲೆಕ್ಕದ ಟೀಚರಾಗಿ ನಿವೃತ್ತರಾದವರು. ಮೊಮ್ಮಗಳನ್ನು ಶಿಶುವಿಹಾರಕ್ಕೆ ಹಾಕೋಣ ಎಂದು ಸೊಸೆ ಅಂದಾಗ, "ಮನೇಲಿ ನಾನು ಕಲ್ಲುಗುಂಡಿನ ಹಾಗೆ ಕೂತಿರುವಾಗ ಶಿಶುವಿಹಾರ ಯಾಕೆ?" ಎಂದು ಹಟ ಹಿಡಿದು ತಾವೇ ಕೂರಿಸಿಕೊಂಡು ಕಲಿಸಿದ್ದರು. ಸೊಸೆಯೂ ಬಿಟ್ಟುಕೊಡುವವಳಲ್ಲ. "ನೇರ ಒಂದನೇ ಕ್ಲಾಸಿಗೆ ತಗೊಂಡ್ರೆ ನಿಮ್ಮ ಪಾಠ ನಡೀಲಿ ಅತ್ತೆ. ಇಲ್ದಿದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಶಿಶುವಿಹಾರ, ಮನೆ ಪಾಠ ಬಂದ್" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಅಜ್ಜಿಗೆ ಈಗ ಉಳಿದಿರುವ ಶಿಷ್ಯೆ ಇವಳೊಬ್ಬಳೇ. ಇವಳೂ ಕೈತಪ್ಪಿದರೆ ಇನ್ನು ಗೋಡೆಗೇ ಮಗ್ಗಿ ಹೇಳಿಕೊಡಬೇಕು.

ಶಾಲೆಗೆ ಬಂದ ಕೂಡಲೇ ಅವರು ಮೇಡಂ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದರು: "ನನ್ನ ಸರ್ವೀಸಲ್ಲಿ ಒಂದು ಮಗುವಿಗೂ ‘ತಪ್ಪು’ ಅಂದವಳಲ್ಲ ನಾನು." ಮೇಡಂ ನಕ್ಕು, "ಒಳ್ಳೇದೇ ಟೀಚರ್. ಆದ್ರೆ ಮಕ್ಕಳು ನಾವು ಹೇಳಿಕೊಟ್ಟಿದ್ದನ್ನಷ್ಟೇ ಕಲಿಯೋದಿಲ್ಲ ನೋಡಿ. ನೋಡ್ತಾ ಮಾಡ್ತಾ ತಮ್ಮ ತಿಳುವಳಿಕೆ ತಾವೇ ಕಟ್ಕೋತಾರೆ. ಎಲ್ಲಿವರೆಗೆ ಕಟ್ಟಿದಾರೆ ಅಂತ ನಾವು ನೋಡೋದು, ಅಷ್ಟೇ" ಎಂದಿದ್ದರು. ಕಟ್ಟೋದಕ್ಕೆ ಇದೇನು ಗಾರೆ ಕೆಲಸವೇ ಎಂದು ಅಜ್ಜಿಗೆ ನಗು ಬಂದಿತ್ತು. ಪರೀಕ್ಷೆ ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ಮೇಡಂ ಹೇಳಿದ್ದರಿಂದ ನುಂಗಿಕೊಂಡಿದ್ದರು.

ಈಗ ಮೇಡಂ ಒಂದು ಲೋಟದ ನೀರನ್ನು ಸಪೂರದ ಉದ್ದ ಲೋಟಕ್ಕೆ ಸುರಿದರು. ನೀರು ಮೇಲೇರಿ ನಿಂತಿತು. "ಈಗ ಹೇಳು, ಎರಡರಲ್ಲೂ ನೀರು ಸಮ ಇದೆಯಾ?"

ಚೋಟು ಬಾಯಿ ತೆರೆದಳು, ಮುಚ್ಚಿದಳು. ಒಮ್ಮೆ ತಿರುಗಿ ಅಜ್ಜಿಯನ್ನು ನೋಡಿದಳು. "ಉದ್ದದ್ರಲ್ಲಿ ಜಾಸ್ತಿ" ಎಂದಳು.

ಅಜ್ಜಿ ಕುರ್ಚಿಯಿಂದ ಅರ್ಧ ಎದ್ದರು. ಅಯ್ಯೋ, ಮನೆಯಲ್ಲಿ ಚೊಂಬಿನಿಂದ ಬಾಟಲಿಗೆ, ಬಾಟಲಿಯಿಂದ ಬೋಗುಣಿಗೆ ಸುರಿದಾಡಿ, ಅಡುಗೆಮನೆಯೆಲ್ಲ ಕೆರೆ ಮಾಡಿ, "ನೀರು ಅಷ್ಟೇ ಅಜ್ಜಿ, ಪಾತ್ರೆ ಮಾತ್ರ ಬೇರೆ" ಅಂದವಳು ಇವಳೇ ಅಲ್ಲವೇ! ತಡೆಯಲಾಗದೆ ಬಾಯಿಬಿಟ್ಟರು. "ಇನ್ನೊಂದ್ಸಲ ಕೇಳಿ ಮೇಡಂ. ಅವಳಿಗೆ ಗೊತ್ತು."

ಮೇಡಂ ಒಳ್ಳೆಯವರು, ಕೇಳಿದರು. ಚೋಟು ತಕ್ಷಣ, "ಸಮ" ಎಂದಳು. ಅಜ್ಜಿಗೆ ಹೋದ ಜೀವ ಬಂತು. "ಖಂಡಿತಾನಾ?" ಎಂದರು ಮೇಡಂ. "ಅಲ್ಲಲ್ಲ, ಉದ್ದದ್ರಲ್ಲೇ ಜಾಸ್ತಿ" ಎಂದಳು ಚೋಟು. ಮೇಡಂ ಪೆನ್ನು ಕೆಳಗಿಟ್ಟು, "ಊಹೆ ಮಾಡ್ತಿದಾಳೆ ಟೀಚರ್. ಅವಸರ ಬೇಡ, ಒಂದು ವರ್ಷ ಶಿಶುವಿಹಾರಕ್ಕೆ ಹೋಗಲಿ" ಎಂದು ಮೆಲ್ಲಗೆ ಹೇಳಿದರು.

ಹೊರಗೆ ಸೈಕಲ್ ಸ್ಟ್ಯಾಂಡಿನ ಪಕ್ಕದ ಕಟ್ಟೆಯ ಮೇಲೆ ಅಜ್ಜಿ ಕುಸಿದು ಕೂತರು. ಬೈಯುವಷ್ಟು ಸಿಟ್ಟಿತ್ತು, ಬೈದು ಅಭ್ಯಾಸವಿರಲಿಲ್ಲ.

"ನೀರು ಅಷ್ಟೇ ಇರುತ್ತೆ ಅಂತ ನಿಂಗೆ ಗೊತ್ತಿತ್ತಲ್ಲೇ?"

"ಗೊತ್ತಿತ್ತು."

"ಮತ್ತೆ ಯಾಕೇ ಹಾಗಂದೆ ನನ್ನ ತಾಯಿ?"

ಅಜ್ಜಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಚೋಟುವಿಗೆ ಆಶ್ಚರ್ಯವಾಯಿತು. "ಅವರು ಮತ್ತೆ ಮತ್ತೆ ಕೇಳಿದ್ರಲ್ಲಜ್ಜಿ! ಸರಿ ಇದ್ರೆ ಯಾರಾದ್ರೂ ಇನ್ನೊಂದ್ಸಲ ಕೇಳ್ತಾರಾ? ನಾನು ಸರಿ ಹೇಳಿದ್ರೆ ನೀನು ಮುಂದಿನ ಲೆಕ್ಕಕ್ಕೆ ಹೋಗ್ತೀಯ. ತಪ್ಪು ಹೇಳಿದ್ರೆ ‘ನಿಜವಾಗ್ಲೂ?’ ಅಂತೀಯ. ಆಗ ಬೇರೆ ಹೇಳ್ಬೇಕು."

ಅಜ್ಜಿ ಓಡಿಹೋಗಿ ಮೇಡಂಗೆ ಹೇಳೋಣವೆಂದು ಎದ್ದರು. ಆಗಲೇ ಮುಂದಿನ ಮಗುವನ್ನು ಒಳಗೆ ಕರೆದು ಬಾಗಿಲು ಹಾಕಿದ್ದರು. ಹೋಗಲಿ, ಮಗುವಿಗೇ ತಮ್ಮ ಪಾಠ ಬೇಕೆನಿಸಿದರೆ ಸೊಸೆಯ ಕೈಕಾಲು ಹಿಡಿದಾದರೂ ಒಪ್ಪಿಸಿಯೇನು ಎಂದುಕೊಂಡು ಮತ್ತೆ ಕೂತು, ಚೋಟುವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನನ್ನ ಹತ್ರ ಪಾಠ ಹೇಳಿಸ್ಕೊಳ್ಳೋದು ನಿಂಗೆ ಇಷ್ಟ ತಾನೇ?"

"ಹೂಂ, ಇಷ್ಟ!" ಚೋಟು ಬಾಯ್ತುಂಬ ನಕ್ಕಳು.

ಅಜ್ಜಿಯ ಮುಖ ಅರಳಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಸಂತೋಷದ ಭರದಲ್ಲಿ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು: "ನಿಜವಾಗ್ಲೂ?"

ಚೋಟುವಿನ ನಗು ನಿಂತಿತು.

"ಇಲ್ಲ" ಎಂದಳು, ಈ ಸಲವಾದರೂ ಸರಿ ಬಂತಾ ಎಂದು ಅಜ್ಜಿಯ ಮುಖವನ್ನೇ ನೋಡುತ್ತ.